ಎಂಡಿ ಸಾಹೇಬರ ಬ್ಲಾಗು: ಮೊದಲ ಬರಹದಿಂದ ಬಾಕಿ ಬಿಲ್ಲಿನ ದಿನದವರೆಗೆ

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಒಬ್ಬ ಫೌಂಡ್ರಿ ಮಾಲಕರಿದ್ದಾರೆ. ಫೌಂಡ್ರಿ ಅಂದರೆ ಕರಗಿದ ಲೋಹವನ್ನು ಉಸುಕಿನ ಅಚ್ಚಿಗೆ (ಮೋಲ್ಡ್) ಹೊಯ್ದು ಬಿಡಿಭಾಗ (ಕಾಸ್ಟಿಂಗ್) ಮಾಡುವ ಕಾರ್ಖಾನೆ. ಹೆಸರು ಬೇಡ. ಒಂದು ಮಳೆಗಾಲದಲ್ಲಿ ಅವರ ಆಫೀಸಿನಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಒಂದು ಲಾರಿ ಮಾಲು ಪುಣೆಯಿಂದ ವಾಪಸ್ ಬಂದ ಕಥೆ ಹೇಳಿದರು. ಯಾಕೆ ಬಂತು, ರಾತ್ರಿ ಎರಡು ಗಂಟೆಗೆ ತಾವೇ ಹೋಗಿ ಉಸುಕಿನ ರಾಶಿಗೆ ಕೈ ಹಾಕಿ ನೋಡಿದ್ದು, ಆಮೇಲೆ ಏನು ಬದಲಾಯಿಸಿದ್ದು, ಎಲ್ಲ. ಇಪ್ಪತ್ತು ನಿಮಿಷ ನಾನು ನಡುವೆ ಬಾಯಿ ಹಾಕಲಿಲ್ಲ. ಮನೆಗೆ ಬಂದು ಅವರ ಕಂಪನಿಯ ವೆಬ್‌ಸೈಟ್ ತೆಗೆದೆ. ‘ಮ್ಯಾನೇಜಿಂಗ್ ಡೈರೆಕ್ಟರ್ ಅವರ ಸಂದೇಶ’ ಅಂತ ಒಂದು ಪುಟ. ಟೈ ಕಟ್ಟಿದ ಫೋಟೋ. ಅದರ ಕೆಳಗೆ, ‘ಗುಣಮಟ್ಟದಲ್ಲಿ ರಾಜಿಯಿಲ್ಲದ ಬದ್ಧತೆಯೇ ನಮ್ಮ ಯಶಸ್ಸಿನ ಮೂಲಮಂತ್ರ.’ ಚಹಾ ಕುಡಿಯುತ್ತ ಮಾತಾಡಿದ ಮನುಷ್ಯ ಆ ಪುಟದಲ್ಲಿ ಎಲ್ಲೂ ಕಾಣಲಿಲ್ಲ.

ಈ ಭಾಗದ ಕಾರ್ಖಾನೆಗಳಿಗೆ ಬರೆದುಕೊಡುವುದು ನನ್ನ ಹೊಟ್ಟೆಪಾಡು. ‘ನಮ್ಮ ಸಾಹೇಬ್ರ ಹೆಸರಿನ್ಯಾಗ ಒಂದ್ ಬ್ಲಾಗ್ ಚಾಲೂ ಮಾಡಬೇಕ್ರೀ’ ಅಂತ ವರ್ಷಕ್ಕೆ ಮೂರ್ನಾಲ್ಕು ಫೋನ್ ಬರುತ್ತವೆ. ಶುರುವಾದವುಗಳಲ್ಲಿ ಜಾಸ್ತಿ ಪಾಲು ನಾಲ್ಕನೇ ಬರಹಕ್ಕೆ ನಿಲ್ಲುತ್ತವೆ. ಯುಗಾದಿ ಶುಭಾಶಯ, ಕಾರ್ಮಿಕರ ದಿನದ ಶುಭಾಶಯ, ಹೊಸ ಮಷೀನಿನ ಪೂಜೆ, ಮುಗೀತು. ಹಾಗಾಗದಂತೆ ಏನು ಮಾಡಬೇಕು ಅಂತ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಎಂಡಿಯೇ ಓದಿದರೂ ಸರಿ, ಎಂಡಿಯ ಬೆನ್ನು ಹತ್ತಿ ಬರೆಸಬೇಕಾದ ಆಫೀಸಿನವರು ಓದಿದರೂ ಸರಿ.

ಹಂತ 1: ಯಾರು ಬರೆಯಬೇಕು

ಎಂಡಿಯೇ ಬರೆಯಬೇಕು ಅಂತೇನಿಲ್ಲ. ನಾನು ಮೊದಲ ಭೇಟಿಯಲ್ಲಿ ಒಂದು ಖಾಲಿ ಹಾಳೆ ಕೊಡುತ್ತೇನೆ. ‘ನಿಮಗೆ ಗೊತ್ತಿರುವ, ನಿಮ್ಮ ಗಿರಾಕಿಗೆ ಗೊತ್ತಿಲ್ಲದ, ಗೂಗಲ್‌ನಲ್ಲೂ ಸಿಗದ ಹತ್ತು ಸಂಗತಿ ಬರೆಯಿರಿ’ ಅನ್ನುತ್ತೇನೆ. ಅರ್ಧ ಗಂಟೆಯಲ್ಲಿ ಯಾರ ಹಾಳೆ ತುಂಬುತ್ತದೋ ಅವರೇ ಬ್ಲಾಗ್ ಬರೆಯಬೇಕಾದವರು. ಎಷ್ಟೋ ಸಲ ಅದು ಎಂಡಿ ಆಗಿರುವುದಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ವಿಭಾಗದ ಮುಖ್ಯಸ್ಥರು, ಫೌಂಡ್ರಿಯಲ್ಲಿ ಮೂವತ್ತು ವರ್ಷ ಭಟ್ಟಿ ಮುಂದೆ ನಿಂತ ವರ್ಕ್ಸ್ ಮ್ಯಾನೇಜರ್ ಆಗಿರುತ್ತಾರೆ.

2005ರ ಜನವರಿಯಲ್ಲಿ ಅಮೆರಿಕದ ಜನರಲ್ ಮೋಟರ್ಸ್ ‘ಫಾಸ್ಟ್‌ಲೇನ್’ ಅನ್ನುವ ಬ್ಲಾಗ್ ಶುರು ಮಾಡಿತು. ದೊಡ್ಡ ಕಂಪನಿಗಳ ಮುಖ್ಯಸ್ಥರು ಬ್ಲಾಗ್ ಬರೆಯುವುದು ಆಗಿನ್ನೂ ಹೊಸತು. ಅಲ್ಲಿ ಮುಖ್ಯವಾಗಿ ಬರೆದವರು ಸಿಇಒ ಅಲ್ಲ, ವೈಸ್ ಚೇರ್ಮನ್ ಬಾಬ್ ಲಟ್ಜ್. ಕಾರಿನ ಹುಚ್ಚಿದ್ದ ಮನುಷ್ಯ. ಕಾರಿನ ಹುಚ್ಚಿದ್ದವರೇ ಬಂದು ಓದಿದರು, ಜಗಳ ಮಾಡಿದರು.

ಎಂಡಿಯೇ ಬರೆಯಬೇಕಾದ ವಿಷಯ ಎರಡೇ ಎರಡು: ರೊಕ್ಕದ್ದು, ತಪ್ಪಿನದ್ದು. ಅವೆರಡನ್ನು ಕೆಳಗಿನವರ ಹೆಸರಲ್ಲಿ ಹಾಕಿದರೆ ಸಾಹೇಬರು ಬಾಗಿಲ ಹಿಂದೆ ನಿಂತಿದ್ದಾರೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಹಂತ 2: ಯಾರಿಗೆ, ಯಾವ ಭಾಷೆಯಲ್ಲಿ

‘ಎಲ್ಲರಿಗೂ’ ಅಂದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

ಅಮೆರಿಕದ ಹೂಡಿಕೆದಾರ ವಾರನ್ ಬಫೆಟ್ ತಮ್ಮ ಶೇರುದಾರರಿಗೆ ಬರೆಯುತ್ತಿದ್ದ ವಾರ್ಷಿಕ ಪತ್ರಗಳ ಹೆಸರು ಕೇಳಿರುತ್ತೀರಿ. ಬರೆಯುವಾಗ ತನ್ನ ಅಕ್ಕ ಡೋರಿಸ್, ತಂಗಿ ಬರ್ಟಿ ಇಬ್ಬರ ಜೊತೆ ಮಾತಾಡುತ್ತಿದ್ದೇನೆ ಅಂದುಕೊಳ್ಳುತ್ತೇನೆ ಅಂತ 1998ರಲ್ಲಿ ಒಂದು ಕಡೆ ಹೇಳಿದ್ದರು. ಇಬ್ಬರೂ ಜಾಣೆಯರು, ಆದರೆ ಲೆಕ್ಕಪತ್ರದ ಪಂಡಿತರಲ್ಲ. ಗೊತ್ತಿಲ್ಲದ ಪದ ಬಂದರೆ ಅವರಿಗೆ ಬೇಜಾರಾಗುತ್ತದೆ, ಸುಳ್ಳು ಹೇಳಿದರೆ ಗೊತ್ತಾಗುತ್ತದೆ. ನಿಮಗೂ ಅಂಥ ಒಬ್ಬ ಓದುಗ ಬೇಕು, ಒಬ್ಬನೇ ಸಾಕು.

ಸಕ್ಕರೆ ಕಾರ್ಖಾನೆಯಾದರೆ ಮುಧೋಳ ಕಡೆಯ ನಾಲ್ಕು ಎಕರೆ ಕಬ್ಬಿನ ರೈತ ಅಂತಿಟ್ಟುಕೊಳ್ಳಿ. ಮಗ ಡಿಪ್ಲೊಮಾ ಓದಿದ್ದಾನೆ, ಫೋನ್ ಅವನ ಕೈಯಲ್ಲಿದೆ, ಓದಿ ಅಪ್ಪನಿಗೆ ಹೇಳುವವನೂ ಅವನೇ. ಫೌಂಡ್ರಿಯಾದರೆ ಪುಣೆಯಲ್ಲೋ ಕೊಲ್ಹಾಪುರದಲ್ಲೋ ಕೂತ ಪರ್ಚೇಸ್ ಆಫೀಸರ್. ವಿಜಯಪುರದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಆದರೆ ತಿಕೋಟಾ ಕಡೆಯ ಬೆಳೆಗಾರ. ಆ ಒಬ್ಬನಿಗೆ ಅರ್ಥವಾಗದ ವಾಕ್ಯ ಕಂಡರೆ ಹೊಡೆದು ಹಾಕಿ.

ಭಾಷೆಯೂ ಅಲ್ಲಿಂದಲೇ ತೀರ್ಮಾನವಾಗುತ್ತದೆ. ಬೆಳಗಾವಿಯಲ್ಲಿ ಒಂದೇ ಗೇಟಿನಿಂದ ಕನ್ನಡ, ಮರಾಠಿ, ಹಿಂದಿ ಮೂರೂ ಒಳಗೆ ಬರುತ್ತವೆ. ರೈತನಿಗೆ ಬರೆಯುವುದು ಕನ್ನಡದಲ್ಲಿ, ಪರ್ಚೇಸ್ ಆಫೀಸರಿಗೆ ಇಂಗ್ಲಿಷಿನಲ್ಲಿ. ಎರಡೂ ಬೇಕಾದರೆ ಎರಡು ಸಲ ಬರೆಯಿರಿ. ಇಂಗ್ಲಿಷಿನದ್ದನ್ನು ಗೂಗಲ್‌ಗೆ ಹಾಕಿ ತೆಗೆದ ಕನ್ನಡ ಔಷಧಿ ಡಬ್ಬಿಯ ಒಳಗಿನ ಚೀಟಿಯ ಹಾಗಿರುತ್ತದೆ. ಯಾರೂ ಓದಲ್ಲ.

ಹಂತ 3: ಮೊದಲು ಮಾತಾಡಿ

ಇದೇ ಮುಖ್ಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎಂಡಿ ಆದವರು ಬರೆಯಲು ಕೂತರೆ ಏನಾಗುತ್ತದೆ ಅಂತ ನೋಡಿದ್ದೇನೆ. ಬೆನ್ನು ನೆಟ್ಟಗಾಗುತ್ತದೆ. ‘ಸಂಸ್ಥೆಯು’, ‘ಹೊಂದಿದ್ದು’, ‘ಶ್ಲಾಘನೀಯ’ ಒಂದರ ಹಿಂದೊಂದು ಬರುತ್ತವೆ. ಅದೇ ಮನುಷ್ಯ ಶಾಪ್ ಫ್ಲೋರಿನಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತಾರೆ! ಹಾಗಾಗಿ ಬರೆಸಬೇಡಿ, ಮಾತಾಡಿಸಿ. ಬಿಲ್ ಮ್ಯಾರಿಯಟ್, ಅದೇ ಹೋಟೆಲುಗಳ ಮ್ಯಾರಿಯಟ್, 2007ರ ಜನವರಿಯಲ್ಲಿ ಬ್ಲಾಗ್ ಶುರು ಮಾಡಿದಾಗ ಅವರಿಗೆ ಎಪ್ಪತ್ತು ದಾಟಿತ್ತು. ಕಂಪ್ಯೂಟರ್ ಅವರಿಗೆ ಒಗ್ಗುತ್ತಿರಲಿಲ್ಲ. ರೆಕಾರ್ಡರ್ ಮುಂದೆ ಮಾತಾಡುತ್ತಿದ್ದರು, ಆಫೀಸಿನವರು ಟೈಪ್ ಮಾಡಿ ಹಾಕುತ್ತಿದ್ದರು, ಧ್ವನಿಯನ್ನೂ ಜೊತೆಗೆ ಇಡುತ್ತಿದ್ದರು. ಬ್ಲಾಗ್ ವರ್ಷಗಟ್ಟಲೆ ನಡೆಯಿತು.

ನಾನು ಮಾಡುವುದು ಹೀಗೆ. ಬೆಳಗಿನ ರೌಂಡ್ ಮುಗಿಸಿ ಸಾಹೇಬರು ಕುರ್ಚಿಗೆ ಬಂದ ಕೂಡಲೇ ಟೇಬಲ್ ಮೇಲೆ ಫೋನ್ ಇಟ್ಟು ರೆಕಾರ್ಡ್ ಒತ್ತುತ್ತೇನೆ. ಪ್ರಶ್ನೆ ಒಂದೇ: ‘ಈ ವಾರ ನಿಮಗೆ ನಿದ್ದಿ ಕೆಡಿಸಿದ್ದು ಏನ್ರೀ ಸರ್?’ ಹತ್ತು ನಿಮಿಷ ಸಾಕು. ಆಮೇಲೆ ಕೇಳಿಸಿಕೊಂಡು ಟೈಪ್ ಮಾಡುತ್ತೇನೆ. ಫೋನಿನ ವಾಯ್ಸ್ ಟೈಪಿಂಗ್ ಈಗ ಕನ್ನಡದಲ್ಲೂ ಚೆನ್ನಾಗಿದೆ. ಆದರೆ ನಮ್ಮ ಕಡೆಯ ಮಾತಿಗೆ ಅದು ಆಗಾಗ ತಡವರಿಸುತ್ತದೆ, ತಿದ್ದಲೇಬೇಕು.

ಆ ಫೌಂಡ್ರಿ ಮಾಲಕರು ಫೋನಿಗೆ ಹೇಳಿದ್ದು ಹೀಗಿತ್ತು:

‘ಏನಾತಂದ್ರ, ಮಳಿ ಹಿಡದ್ ಎಂಟ್ ದಿನ ಆಗಿತ್ರೀ. ಹೊರಗ ಹಾಕಿದ್ದ ಉಸುಕು ಹಸಿ ಆಗಿತ್ತು. ನಮ್ಮ ಹುಡುಗ್ರು ದಿನಾ ಹಾಕೋಹಂಗ ನೀರ್ ಹಾಕ್ಯಾರ. ಮೋಲ್ಡ್‌ನ್ಯಾಗ ನೀರ್ ಜಾಸ್ತಿ ಆತು. ಕಾಸ್ಟಿಂಗ್ ಹೊರಗಿಂದ ನೋಡಿದ್ರ ಗೊಂಬಿ ಇದ್ದಂಗಿತ್ತು. ಅವ್ರು ಮಷೀನಿಗೆ ಹಚ್ಚಿದ್ ಕೂಡ್ಲೇ ಒಳಗ ತೂತ, ತೂತ.’

ಬ್ಲಾಗಿಗೆ ಹೋದದ್ದು ಇದು:

‘ಜುಲೈನಲ್ಲಿ ನಮ್ಮ ಒಂದು ಲಾರಿ ಮಾಲು ವಾಪಸ್ ಬಂತು. ಎಂಟು ದಿನ ಬಿಡದೆ ಮಳೆ ಇತ್ತು. ಹೊರಗಿದ್ದ ಉಸುಕು ಮೊದಲೇ ಹಸಿಯಾಗಿತ್ತು. ಅದಕ್ಕೆ ದಿನದ ಅಳತೆಯಲ್ಲೇ ನೀರು ಹಾಕಿದೆವು. ಮೋಲ್ಡಿನಲ್ಲಿ ತೇವ ಜಾಸ್ತಿಯಾದರೆ ಬಿಸಿ ಲೋಹ ಬಿದ್ದ ಕೂಡಲೇ ಅದು ಆವಿಯಾಗುತ್ತದೆ, ಹೊರಗೆ ಹೋಗಲು ದಾರಿ ಸಿಗದೆ ಲೋಹದೊಳಗೇ ಗುಳ್ಳೆಯಾಗಿ ಉಳಿಯುತ್ತದೆ. ಹೊರಗಿನಿಂದ ಕಾಸ್ಟಿಂಗ್ ಗೊಂಬೆಯಂತಿತ್ತು. ಗಿರಾಕಿ ಮಷೀನಿಗೆ ಹಚ್ಚಿದಾಗ ತೂತು ಕಂಡವು. ಈಗ ಉಸುಕು ಶೆಡ್ಡಿನ ಒಳಗಿದೆ. ಮಳೆಗಾಲದಲ್ಲಿ ಎರಡು ಗಂಟೆಗೊಮ್ಮೆ ತೇವ ಅಳೆದು ಪಟ್ಟಿಯಲ್ಲಿ ಬರೆಯುತ್ತೇವೆ. ಪಟ್ಟಿ ಬೇಕಾದವರು ಕೇಳಿ, ಕಳಿಸುತ್ತೇವೆ.’

ಏನು ಮಾಡಿದೆ ನೋಡಿ. ‘ರೀ’ಗಳನ್ನು ತೆಗೆದೆ, ‘ನಮ್ಮ ಹುಡುಗ್ರು’ ಅನ್ನುವುದನ್ನು ‘ಹಾಕಿದೆವು’ ಅಂತ ಮಾಡಿದೆ. ಈ ಎರಡನೆಯದಕ್ಕೆ ಸಾಹೇಬರು ಸ್ವಲ್ಪ ತಕರಾರು ತೆಗೆದರು, ತಪ್ಪು ಹುಡುಗರದ್ದೇ ಅಂತ. ಬ್ಲಾಗಿನಲ್ಲಿ ತಪ್ಪು ಮಾಲಕನ ತಲೆ ಮೇಲೇ ಇರಬೇಕು, ಆ ಹುಡುಗರೂ ಓದುತ್ತಾರೆ ಅಂದೆ. ಆವಿಯ ವಿವರಣೆ ಫೋನಿನಲ್ಲಿ ಬೇರೆ ಕಡೆ ಇತ್ತು, ಅದನ್ನು ತಂದು ಜೋಡಿಸಿದೆ. ಗೊಂಬೆಯನ್ನು ಮಾತ್ರ ಮುಟ್ಟಲಿಲ್ಲ. ‘ದೃಶ್ಯ ತಪಾಸಣೆಯಲ್ಲಿ ದೋಷರಹಿತವಾಗಿದ್ದವು’ ಅಂತ ಮಾಡಿದ್ದರೆ ಅಲ್ಲಿಗೆ ಆ ಮನುಷ್ಯ ಮತ್ತೆ ಟೈ ಕಟ್ಟಿದ ಫೋಟೋ ಆಗಿಬಿಡುತ್ತಿದ್ದರು.

ಉದ್ದ ನಾನೂರು ಪದದ ಒಳಗಿರಲಿ. ಒಂದು ಬರಹಕ್ಕೆ ಒಂದೇ ವಿಷಯ.

ಹಂತ 4: ಕೈ ಬೇರೆಯವರದ್ದಿರಬಹುದು, ಮಾತಲ್ಲ

‘ನೀವೇ ಬರೆದುಹಾಕಿಬಿಡ್ರಿ, ಸಾಹೇಬ್ರಿಗೆ ಟೈಮಿಲ್ಲ’ ಅನ್ನುವವರು ತುಂಬಾ ಇದ್ದಾರೆ. ಟೈಪ್ ಮಾಡುವುದು, ತಿದ್ದುವುದು, ತಲೆಬರಹ ಕೊಡುವುದು ಬೇರೆಯವರು ಮಾಡಬಹುದು. ಸಾಹೇಬರು ಯೋಚಿಸದ್ದನ್ನು ಅವರ ಹೆಸರಲ್ಲಿ ಯೋಚಿಸುವುದಕ್ಕೆ ನಾನು ಒಪ್ಪುವುದಿಲ್ಲ. ಈಗ ಎಐಗೆ ಹೇಳಿದರೆ ಅರೆಕ್ಷಣದಲ್ಲಿ ಬರೆದುಕೊಡುತ್ತದೆ. ಆದರೆ ಅದಕ್ಕೆ ಆ ರಾತ್ರಿಯ ಉಸುಕಿನ ರಾಶಿ ಗೊತ್ತಿಲ್ಲ, ಅಲ್ವಾ? ಪ್ರಕಟಿಸುವ ಮೊದಲು ಸಾಹೇಬರು ಒಂದು ಸಲ ಗಟ್ಟಿಯಾಗಿ ಓದಲಿ. ನಾಲಿಗೆ ಎಡವಿದ ಕಡೆ ಅವರ ಮಾತಿಲ್ಲ ಅಂತ ಅರ್ಥ.

ವೇಷ ಹಾಕುವುದಂತೂ ಬೇಡವೇ ಬೇಡ. 2006ರಲ್ಲಿ ಅಮೆರಿಕದಲ್ಲಿ ಒಂದು ಜೋಡಿ ಗಾಡಿಯಲ್ಲಿ ದೇಶ ಸುತ್ತುತ್ತ, ವಾಲ್‌ಮಾರ್ಟ್ ಅಂಗಡಿಗಳ ಮುಂದೆ ತಂಗುತ್ತ ಬ್ಲಾಗ್ ಬರೆಯಿತು. ಖರ್ಚು ಯಾರದ್ದು ಅಂತ ಆಮೇಲೆ ಹೊರಬಂತು: ವಾಲ್‌ಮಾರ್ಟ್ ಪರವಾಗಿ ಅದರ ಪ್ರಚಾರ ಸಂಸ್ಥೆ ಕಟ್ಟಿಸಿದ ಗುಂಪು. ಪ್ರಚಾರ ಸಂಸ್ಥೆಯ ಮುಖ್ಯಸ್ಥರು ತಪ್ಪೊಪ್ಪಿಕೊಳ್ಳಬೇಕಾಯಿತು. ಇದಕ್ಕಿಂತ ವಿಚಿತ್ರವಾದದ್ದು ಅಮೆರಿಕದ ದಿನಸಿ ಅಂಗಡಿಗಳ ಕಂಪನಿ ಹೋಲ್ ಫುಡ್ಸ್‌ನ ಜಾನ್ ಮ್ಯಾಕಿ ಅವರ ಕಥೆ. ಸ್ವತಃ ಸಿಇಒ ಆಗಿದ್ದವರು ವರ್ಷಗಟ್ಟಲೆ ‘ರಹೊಡೆಬ್’ ಅನ್ನುವ ಸುಳ್ಳು ಹೆಸರಲ್ಲಿ ಯಾಹೂ ಫೈನಾನ್ಸ್ ವೆಬ್‌ಸೈಟಿನ ಚರ್ಚಾ ಪುಟದಲ್ಲಿ ತಮ್ಮ ಕಂಪನಿಯನ್ನು ಹೊಗಳಿ, ಎದುರಾಳಿ ಕಂಪನಿಯನ್ನು ತೆಗಳಿ ಬರೆಯುತ್ತಿದ್ದರು. ಆ ಹೆಸರು ಹೆಂಡತಿ ಡೆಬೋರಾಳ ಹೆಸರಿನ ಅಕ್ಷರ ಅದಲುಬದಲು ಮಾಡಿದ್ದು. 2007ರಲ್ಲಿ ಬಯಲಾಯಿತು, ಆ ಎದುರಾಳಿ ಕಂಪನಿಯನ್ನು ಕೊಳ್ಳಲು ಹೊರಟಿದ್ದ ಹೊತ್ತಿನಲ್ಲೇ. ಬೆಳಗಾವಿಯಂಥ ಊರಿನಲ್ಲಿ ಹೀಗೆ ಮಾಡಿದರೆ ಬಯಲಾಗಲು ಅಷ್ಟು ವರ್ಷ ಬೇಡ, ಸಂಜೆಯೊಳಗೆ ಇಡೀ ಉದ್ಯಮಬಾಗಕ್ಕೆ ಗೊತ್ತಿರುತ್ತದೆ.

ಹಂತ 5: ಪ್ರಕಟಿಸುವ ಮೊದಲು ಯಾರು ನೋಡಬೇಕು

ಇಬ್ಬರು ಸಾಕು. ಒಬ್ಬರು ಲೆಕ್ಕ, ಕಾನೂನು ಗೊತ್ತಿರುವವರು, ಇನ್ನೊಬ್ಬರು ಗಿರಾಕಿಗಳ ಜೊತೆ ದಿನಾ ಮಾತಾಡುವವರು. ಒಂದು ದಿನದ ಗಡುವು ಕೊಡಿ. ತಪ್ಪಿದ್ದರೆ ಹೇಳಲಿ, ಆದರೆ ಭಾಷೆ ಚಂದ ಮಾಡುವ ಅಧಿಕಾರ ಇಬ್ಬರಿಗೂ ಬೇಡ. ಏಳು ಜನರ ಕೈ ದಾಟಿದ ಬರಹದಲ್ಲಿ ಕೊನೆಗೆ ಉಳಿಯುವುದು ‘ಬದ್ಧತೆ’ ಒಂದೇ.

ಕಂಪನಿ ಶೇರು ಮಾರುಕಟ್ಟೆಯಲ್ಲಿ ಇದ್ದರೆ ನಿಯಮ ಬಿಗಿ. ಶೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2015ರ ಲಿಸ್ಟಿಂಗ್ ನಿಯಮಗಳಲ್ಲಿ 30ನೆಯದರ ಪ್ರಕಾರ ಮುಖ್ಯವಾದ ಸುದ್ದಿ ಶೇರು ವಿನಿಮಯ ಕೇಂದ್ರಕ್ಕೆ ಹೋಗಬೇಕು. ದೊಡ್ಡ ಆರ್ಡರ್, ಹೊಸ ಘಟಕ, ಬಾಗಿಲು ಹಾಕುವುದು, ಬೆಂಕಿ ಅನಾಹುತ, ಇವೆಲ್ಲ ಮೊದಲು ಅಲ್ಲಿಗೆ, ಆಮೇಲೆ ಬ್ಲಾಗಿಗೆ. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಆಗುವವರೆಗೆ ಒಳಗಿನವರು ಶೇರು ಮುಟ್ಟುವಂತಿಲ್ಲ. ಆ ದಿನಗಳಲ್ಲಿ ವ್ಯಾಪಾರ ಹೇಗಿದೆ ಅಂತ ಬ್ಲಾಗಿನಲ್ಲಿ ಒಂದಕ್ಷರವೂ ಬರೆಯದಿರುವುದು ಕ್ಷೇಮ. ‘ಈ ಸಲ ದೀಪಾವಳಿ ಜೋರು’ ಅಂತಲೂ ಬೇಡ.

ಅಮೆರಿಕದಲ್ಲಿ ಈ ಜಗ್ಗಾಟ ತುಂಬಾ ದಿನ ನಡೆದಿದೆ. ಕಂಪ್ಯೂಟರ್ ಕಂಪನಿ ಸನ್ ಮೈಕ್ರೋಸಿಸ್ಟಮ್ಸ್‌ನ ಜೊನಾಥನ್ ಶ್ವಾರ್ಟ್ಜ್ ಬ್ಲಾಗ್ ಬರೆಯುವ ಸಿಇಒ ಅಂತಲೇ ಹೆಸರಾದವರು. ಬ್ಲಾಗಿನಲ್ಲಿ ಹಾಕಿದ್ದನ್ನೂ ಅಧಿಕೃತ ಪ್ರಕಟಣೆ ಅಂತ ಒಪ್ಪಿ ಅಂತ 2006ರಲ್ಲಿ ಅಲ್ಲಿನ ಶೇರು ನಿಯಂತ್ರಕರಿಗೆ ಪತ್ರ ಬರೆದರು. 2008ರಲ್ಲಿ ಕಂಪನಿ ವೆಬ್‌ಸೈಟ್‌ಗಳ ಬಗ್ಗೆ ಮಾರ್ಗಸೂಚಿ ಬಂತು. 2012ರ ಜುಲೈನಲ್ಲಿ ನೆಟ್‌ಫ್ಲಿಕ್ಸ್‌ನ ರೀಡ್ ಹೇಸ್ಟಿಂಗ್ಸ್ ‘ಒಂದೇ ತಿಂಗಳಲ್ಲಿ ಜನ ನೂರು ಕೋಟಿ ಗಂಟೆ ನೋಡಿದ್ದಾರೆ’ ಅಂತ ಫೇಸ್‌ಬುಕ್‌ನಲ್ಲಿ ಹಾಕಿ ವಿಚಾರಣೆಗೆ ಸಿಕ್ಕಿಕೊಂಡರು. ಸುದ್ದಿ ಇಂಥ ಜಾಗದಲ್ಲಿ ಬರುತ್ತದೆ ಅಂತ ಹೂಡಿಕೆದಾರರಿಗೆ ಮೊದಲೇ ಹೇಳಿದ್ದರೆ ಅಡ್ಡಿಯಿಲ್ಲ ಅಂತ 2013ರಲ್ಲಿ ತೀರ್ಮಾನವಾಯಿತು. 2018ರ ಆಗಸ್ಟ್ 7ರಂದು ಟೆಸ್ಲಾವನ್ನು ಶೇರುಪೇಟೆಯಿಂದ ಹೊರತರಲು ದುಡ್ಡು ಹೊಂದಿಸಿ ಆಗಿದೆ ಅಂತ ಇಲಾನ್ ಮಸ್ಕ್ ಒಂದು ಸಾಲು ಟ್ವೀಟ್ ಮಾಡಿದರು. ಅವರಿಗೊಂದು, ಕಂಪನಿಗೊಂದು, ತಲಾ 2 ಕೋಟಿ ಡಾಲರ್ ದಂಡ. ಚೇರ್ಮನ್ ಕುರ್ಚಿಯೂ ಹೋಯಿತು.

ಶೇರುಪೇಟೆಯಲ್ಲಿ ಇಲ್ಲದವರು ನಿರಾಳ ಅಂದುಕೊಳ್ಳಬೇಡಿ. ಅವರ ಅಪಾಯ ಫೋಟೋದಲ್ಲಿರುತ್ತದೆ. ಒಂದು ಕಂಪನಿಗೆ ನಾನೇ ಫೋಟೋ ತೆಗೆದಿದ್ದೆ, ಸಾಹೇಬರು ಮಷೀನಿನ ಪಕ್ಕ ನಗುತ್ತ ನಿಂತಿದ್ದು. ಹಿಂದಿನ ಗೋಡೆಯಲ್ಲಿ ಗಿರಾಕಿಯ ಡ್ರಾಯಿಂಗ್ ನೇತಾಡುತ್ತಿತ್ತು, ಪಾರ್ಟ್ ನಂಬರ್ ಸಮೇತ. ಪ್ರಕಟವಾದ ಮೂರನೇ ಗಂಟೆಗೆ ಗಿರಾಕಿಯಿಂದ ಫೋನ್ ಬಂತು. ಗೌಪ್ಯತೆಯ ಕರಾರಿಗೆ ಸಹಿ ಹಾಕಿದ್ದು ಸಾಹೇಬರಿಗೇ ಮರೆತಿತ್ತು. ಅವತ್ತಿನಿಂದ ಫೋಟೋವನ್ನು ದೊಡ್ಡದು ಮಾಡಿ ನಾಲ್ಕು ಮೂಲೆ ನೋಡದೆ ಹಾಕುವುದಿಲ್ಲ. ಕಾರ್ಮಿಕರ ಮುಖವಿದ್ದರೆ ಅವರನ್ನು ಕೇಳಿ ಹಾಕಿ. ಗೂಗಲ್‌ನಿಂದ ಎತ್ತಿದ ಫೋಟೋಕ್ಕೆ ಯಾರೋ ಒಬ್ಬರು ಮಾಲಕರಿರುತ್ತಾರೆ ಅನ್ನುವುದೂ ನೆನಪಿರಲಿ.

ಹಂತ 6: ಜಾಗ, ಅಕ್ಷರ, ದಿನ

ಬೇಗ ಮುಗಿಸೋಣ. ಬರಹದ ಮೂಲ ಪ್ರತಿ ನಿಮ್ಮದೇ ವೆಬ್‌ಸೈಟಿನಲ್ಲಿ ಇರಲಿ. ಫೇಸ್‌ಬುಕ್, ಲಿಂಕ್ಡ್‌ಇನ್ ಬಾಡಿಗೆ ಮನೆ, ಅಲ್ಲಿಂದ ಕೊಂಡಿ ಕೊಡಿ. ನಮ್ಮ ರೈತರಿಗೆ, ಕಾರ್ಮಿಕರಿಗೆ ತಲುಪುವುದು ವಾಟ್ಸಾಪ್‌ನಲ್ಲೇ. ಅದಕ್ಕೆ ಪುಟ ಹಗುರವಾಗಿರಬೇಕು, ಪಿಡಿಎಫ್ ಬೇಡ. ಜನ ಸ್ಕ್ರೀನ್‌ಶಾಟ್ ತೆಗೆದು ಹಂಚುತ್ತಾರೆ. ಆದ್ದರಿಂದ ತಾರೀಖು, ಹೆಸರು ತಲೆಬರಹದ ಕೆಳಗೇ ಇರಲಿ, ಇಲ್ಲದಿದ್ದರೆ ಹೋದ ವರ್ಷದ ಬರಹ ಈ ವರ್ಷದ ಗಲಾಟೆಗೆ ಎಣ್ಣೆಯಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಂದರೆ ಇದೆ. ಎಷ್ಟೋ ಆಫೀಸುಗಳಲ್ಲಿ ಇನ್ನೂ ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಅದನ್ನು ಹಾಗೇ ವೆಬ್‌ಸೈಟಿಗೆ ಅಂಟಿಸಿದರೆ ಓದುಗನ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ಯೂನಿಕೋಡಿಗೆ (ಎಲ್ಲ ಫೋನಿಗೂ ಅರ್ಥವಾಗುವ ಅಕ್ಷರ ವ್ಯವಸ್ಥೆಗೆ) ಬದಲಾಯಿಸಿ, ಒತ್ತಕ್ಷರ ಒಂದೊಂದಾಗಿ ನೋಡಿ, ಒಂದು ಅಗ್ಗದ ಫೋನಿನಲ್ಲಿ ತೆರೆದು ಪರೀಕ್ಷಿಸಿ, ಆಮೇಲೆ ಹಾಕಿ.

ತಿಂಗಳಿಗೆ ಒಂದು ಬರಹ ಸಾಕು. ಹಬ್ಬದ ಪಂಚಾಂಗ ಬಿಟ್ಟು ಕೆಲಸದ ಪಂಚಾಂಗ ಹಿಡಿಯಿರಿ. ಸಕ್ಕರೆಗೆ ಅಕ್ಟೋಬರ್-ನವೆಂಬರಿನಲ್ಲಿ ನುರಿಸುವುದು ಶುರು, ಅದಕ್ಕೂ ಮೊದಲು ಕಟಾವಿನ ಪಾಳಿ ಹೇಗೆ ಹಚ್ಚುತ್ತೀರಿ ಅಂತ ಬರೆಯಿರಿ. ಒಣದ್ರಾಕ್ಷಿಯವರಿಗೆ ದ್ರಾಕ್ಷಿ ಒಣಗಿಸುವ ಹೊತ್ತಿನ ಅಕಾಲಿಕ ಮಳೆಯೇ ದೊಡ್ಡ ವಿಷಯ. ಫೌಂಡ್ರಿಗೆ ಜೂನ್ ತಿಂಗಳು, ಕಾರಣ ಮೇಲೆ ಓದಿದ್ದೀರಿ.

ಹಂತ 7: ಬಾಕಿ ಬಿಲ್ಲಿನ ದಿನ

ಬ್ಲಾಗ್ ಯಾಕೆ ಬೇಕು ಅಂತ ಗೊತ್ತಾಗುವುದು ಕೆಟ್ಟ ದಿನ ಬಂದಾಗ. ಸಕ್ಕರೆ ಕಾರ್ಖಾನೆಯನ್ನೇ ತೆಗೆದುಕೊಳ್ಳೋಣ, ಯಾಕೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗೆ ಅದು ಮನೆಮಾತು. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ಕೂತಿದ್ದು ನೆನಪಿರಬೇಕು. ಬೆಲೆಯ ಜೊತೆಗೆ ಕಾಟಾದ (ತೂಕದ ಯಂತ್ರದ) ಮೇಲೆ, ರಿಕವರಿ (ಕಬ್ಬಿನಿಂದ ಬರುವ ಸಕ್ಕರೆಯ ಪ್ರಮಾಣ) ಮೇಲೆ ಅನುಮಾನ ಇಲ್ಲಿ ಪ್ರತಿ ಹಂಗಾಮಿನಲ್ಲೂ ಇರುತ್ತದೆ. ಆಗ ಕಾರ್ಖಾನೆಗಳು ಹಾಕುವ ನೋಟಿಸು ಹೀಗಿರುತ್ತದೆ: ‘ಅನಿವಾರ್ಯ ಕಾರಣಗಳಿಂದ ಪಾವತಿಯಲ್ಲಿ ವಿಳಂಬವಾಗಿದ್ದು, ರೈತ ಬಾಂಧವರು ಸಹಕರಿಸಬೇಕಾಗಿ ವಿನಂತಿ.’ ಯಾರು ಬರೆದರು? ಎಷ್ಟು ಬಾಕಿ? ಯಾವತ್ತು ಕೊಡುತ್ತಾರೆ? ಏನೂ ಇಲ್ಲ.

ಕಾನೂನು ಏನು ಹೇಳುತ್ತದೆ ಅಂತ ರೈತನಿಗೆ ಗೊತ್ತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಅವನಿಗೆ ಗೊತ್ತಿಲ್ಲ ಅನ್ನುವ ಹಾಗೆ ಬರೆದರೆ ಸಿಟ್ಟು ಎರಡು ಪಟ್ಟು ಆಗುತ್ತದೆ. ಎಂಡಿ ಹೀಗೆ ಬರೆಯಬಹುದು:

‘ಡಿಸೆಂಬರ್ 1ರಿಂದ 15ರವರೆಗೆ ಕಬ್ಬು ಕಳಿಸಿದವರ ಬಿಲ್ಲು ಇವತ್ತು, ಡಿಸೆಂಬರ್ 29ಕ್ಕೆ, ಪೂರ್ತಿ ಜಮಾ ಆಗಿರಬೇಕಿತ್ತು. ಆಗಿಲ್ಲ. ಸಕ್ಕರೆ ಮಾರಿದ ಹಣ ಬರುವುದು ತಡವಾಗಿದೆ. ಬ್ಯಾಂಕಿಗೆ ಸಾಲ ಕೇಳಿದ್ದೇವೆ, ಇನ್ನೂ ಮಂಜೂರಾಗಿಲ್ಲ. ಜನವರಿ 10ರೊಳಗೆ ಅರ್ಧ, 20ರೊಳಗೆ ಉಳಿದದ್ದು ಕೊಡುತ್ತೇವೆ. 14 ದಿನ ದಾಟಿದ್ದಕ್ಕೆ ಬಡ್ಡಿ ಸೇರಿಸುತ್ತೇವೆ. ಜನವರಿ 10ರ ಸಂಜೆ ಎಷ್ಟು ಜನಕ್ಕೆ ಜಮಾ ಆಯಿತು ಅಂತ ಇಲ್ಲೇ ಬರೆಯುತ್ತೇನೆ.’

ಕೊನೆಯ ವಾಕ್ಯಕ್ಕೇ ಬೆಲೆ ಜಾಸ್ತಿ. ಮತ್ತೆ ಬರೆಯುವ ತಾರೀಖು ಕೊಟ್ಟಿರಿ ಅಂದರೆ ಜನ ಆ ದಿನದವರೆಗೆ ಕಾಯುತ್ತಾರೆ. ಆದರೆ ಜನವರಿ 10ರ ಸಂಜೆ ಬರೆಯಲೇಬೇಕು, ಹಣ ಹೊಂದಿಸಲು ಆಗದಿದ್ದರೂ ಬರೆಯಬೇಕು. ಅಷ್ಟು ಧೈರ್ಯ ಇಲ್ಲದಿದ್ದರೆ ಮೊದಲನೆಯದನ್ನೂ ಬರೆಯಬೇಡಿ. ಇನ್ನೊಂದು ಮಾತು: ಸಾಲ ಮಂಜೂರಾಗಿಲ್ಲ ಅಂತ ಬರೆಯುವ ಮೊದಲು ಬ್ಯಾಂಕಿನವರಿಗೆ ಒಂದು ಫೋನ್ ಮಾಡಿ. ಅವರು ಬ್ಲಾಗಿನಲ್ಲಿ ಓದಿ ತಿಳಿದುಕೊಳ್ಳಬಾರದು. ಲಿಸ್ಟೆಡ್ ಕಂಪನಿಯಾದರೆ ಇದೂ ಮೊದಲು ಕಂಪನಿ ಸೆಕ್ರೆಟರಿ ಟೇಬಲ್ಲಿಗೆ ಹೋಗಬೇಕು.

ಕೆಟ್ಟ ದಿನ ಬರುವ ಮೊದಲೇ ಬರೆದಿಡಬೇಕಾದ ಒಂದು ಬರಹವೂ ಇದೆ: ಬಿಲ್ಲಿನ ಲೆಕ್ಕ. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ, ಕ್ವಿಂಟಲಿಗೆ 355 ರೂಪಾಯಿ. ಇದು ರಿಕವರಿ ಶೇಕಡಾ 10.25 ಇದ್ದಾಗಿನ ದರ. ಅದಕ್ಕಿಂತ ಪ್ರತಿ 0.1 ಜಾಸ್ತಿಯಾದರೆ ಕ್ವಿಂಟಲಿಗೆ 3 ರೂಪಾಯಿ 46 ಪೈಸೆ ಸೇರುತ್ತದೆ, ಕಡಿಮೆಯಾದರೆ ಅಷ್ಟೇ ಇಳಿಯುತ್ತದೆ. ಶೇಕಡಾ 9.5ಕ್ಕಿಂತ ಕೆಳಗೆ ಹೋದರೂ 329 ರೂಪಾಯಿ 5 ಪೈಸೆಗಿಂತ ಕಡಿಮೆ ಕೊಡುವಂತಿಲ್ಲ. ಈಗ ನಿಮ್ಮ ಕಾರ್ಖಾನೆಯ ರಿಕವರಿ 10.75 ಅಂತಿಟ್ಟುಕೊಳ್ಳಿ. ಐದು ಸಲ 3.46 ಅಂದರೆ 17.30. ಕ್ವಿಂಟಲಿಗೆ 372.30, ಟನ್ನಿಗೆ 3,723. ಅದರಲ್ಲಿ ಕಟಾವು, ಸಾಗಣೆ ಖರ್ಚು ಟನ್ನಿಗೆ 800 ಹಿಡಿದರೆ ಕೈಗೆ ಬರುವುದು 2,923. ವಾಟ್ಸಾಪ್‌ನಲ್ಲಿ ಓಡಾಡುವುದು 3,723, ಪಾಸ್‌ಬುಕ್‌ನಲ್ಲಿ ಕಾಣುವುದು 2,923. ನಡುವಿನ 800 ಎಲ್ಲಿ ಹೋಯಿತು ಅನ್ನುವುದೇ ಗೇಟಿನ ಮುಂದಿನ ಅರ್ಧ ಜಗಳ. ಇದನ್ನು ಎಂಡಿ ತಮ್ಮ ಹೆಸರಲ್ಲಿ, ನಿಮ್ಮ ಕಾರ್ಖಾನೆಯ ನಿಜವಾದ ಅಂಕಿ ಹಾಕಿ, ಹಂಗಾಮು ಶುರುವಾಗುವ ಮೊದಲೇ ಬರೆಯಬೇಕು. ಯಾವ ಹಂಗಾಮಿನ ರಿಕವರಿ ಹಿಡಿದಿದ್ದೀರಿ ಅಂತಲೂ ಬರೆಯಿರಿ. ಸರ್ಕಾರದ ಜೊತೆ ಕೂತು ಬೇರೆ ದರಕ್ಕೆ ಒಪ್ಪಿದ್ದರೆ ಆ ದರ ಕಟಾವು-ಸಾಗಣೆ ಸೇರಿಯೋ ಬಿಟ್ಟೋ ಅನ್ನುವುದು ಮೊದಲ ಸಾಲಿನಲ್ಲಿರಲಿ.

ಕಾಟಾದ ಬಗ್ಗೆಯೂ ಹಾಗೇ. ‘ನಮ್ಮ ತೂಕ ಪಾರದರ್ಶಕ’ ಅಂತ ಬರೆದು ಪ್ರಯೋಜನವಿಲ್ಲ. ಕಾಟಾ ಕೊನೆಯ ಸಲ ಯಾವತ್ತು ಪರೀಕ್ಷೆಯಾಯಿತು, ಆ ಪ್ರಮಾಣಪತ್ರದ ಫೋಟೋ, ಹೊರಗಿನ ಕಾಟಾದಲ್ಲಿ ತೂಗಿಸಿಕೊಂಡು ಬಂದವರ ಗಾಡಿ ಒಳಗೆ ಬಿಡುತ್ತೀರೋ ಇಲ್ಲವೋ. ಬಿಡುವುದಿಲ್ಲ ಅಂತಾದರೆ ಈ ಬರಹ ಬರೆಯುವುದಕ್ಕೂ ಮೊದಲು ಅದನ್ನು ಸರಿ ಮಾಡಿ.

ಹಂತ 8: ಉತ್ತರ, ಲೆಕ್ಕ, ಮತ್ತು ಕುರ್ಚಿ ಬದಲಾದಾಗ

ಬರಹದ ಕೆಳಗೆ ಪ್ರಶ್ನೆ ಕೇಳಲು ಜಾಗ ಕೊಟ್ಟರೆ ಎರಡು ದಿನದೊಳಗೆ ಉತ್ತರ ಕೊಡಿ. ಕೊಡಲು ಆಗದಿದ್ದರೆ ಜಾಗವನ್ನೇ ಕೊಡಬೇಡಿ, ಒಂದು ಫೋನ್ ನಂಬರ್ ಹಾಕಿ. ಬೈಗುಳ, ಜಾತಿಯ ಮಾತು, ಬೇರೆಯವರ ಖಾಸಗಿ ವಿಷಯ ತೆಗೆಯಬಹುದು. ‘ರೊಕ್ಕಾ ಯಾವಾಗ ಹಾಕ್ತೀರಿ?’ ಅನ್ನುವುದನ್ನು ತೆಗೆಯಬೇಡಿ. ಅದು ಬೈಗುಳವಲ್ಲ. ತೆಗೆದರೆ ಅದರ ಸ್ಕ್ರೀನ್‌ಶಾಟ್ ನಿಮ್ಮ ಬರಹಕ್ಕಿಂತ ದೂರ ಹೋಗುತ್ತದೆ. ಬರಹದಲ್ಲೇ ತಪ್ಪಾಗಿದ್ದರೆ ಸುಮ್ನೆ ಅಳಿಸಿ ಬದಲಾಯಿಸಬೇಡಿ, ಕೆಳಗೆ ತಾರೀಖು ಹಾಕಿ ತಿದ್ದುಪಡಿ ಬರೆಯಿರಿ.

ಎಷ್ಟು ಜನ ಲೈಕ್ ಒತ್ತಿದರು ಅಂತ ಎಣಿಸುವುದು ಸುಲಭ, ಅದರಿಂದ ಏನೂ ಗೊತ್ತಾಗುವುದಿಲ್ಲ. ಲೈಕ್ ಒತ್ತಿದವರಲ್ಲಿ ಅರ್ಧ ಜನ ನಿಮ್ಮ ಕಂಪನಿಯವರೇ ಆಗಿರುತ್ತಾರೆ. ನಾನು ಗೇಟಿನ ವಾಚ್‌ಮನ್ ಹತ್ತಿರ ಕೇಳುತ್ತೇನೆ, ಬಿಲ್ಲಿನ ಕಿಟಕಿಯಲ್ಲಿ ಕೂತವರ ಹತ್ತಿರ ಕೇಳುತ್ತೇನೆ: ಈ ವಾರ ಜನ ಯಾವ ಪ್ರಶ್ನೆ ಕೇಳಿದರು? ಹೋದ ತಿಂಗಳು ದಿನಕ್ಕೆ ಇಪ್ಪತ್ತು ಸಲ ಕೇಳುತ್ತಿದ್ದ ಪ್ರಶ್ನೆ ಈಗ ಐದು ಸಲಕ್ಕೆ ಇಳಿದಿದ್ದರೆ ಬರಹ ಮುಟ್ಟಿದೆ. ಅವರ ಬಾಯಲ್ಲಿ ಬಂದ ಹೊಸ ಪ್ರಶ್ನೆಯೇ ಮುಂದಿನ ತಿಂಗಳ ವಿಷಯ.

ಎಂಡಿ ಬದಲಾಗುವ ದಿನವೂ ಬರುತ್ತದೆ. ಸನ್ ಕಂಪನಿಯನ್ನು ಒರಾಕಲ್ ಕೊಂಡ ಮೇಲೆ, 2010ರಲ್ಲಿ, ಶ್ವಾರ್ಟ್ಜ್ ತಮ್ಮ ರಾಜೀನಾಮೆಯನ್ನು ಟ್ವಿಟರಿನಲ್ಲಿ ಮೂರು ಸಾಲಿನ ಹೈಕುವಾಗಿ (ಜಪಾನಿ ಶೈಲಿಯ ಪುಟ್ಟ ಪದ್ಯವಾಗಿ) ಬರೆದರು. ನಮ್ಮವರಿಗೆ ಹೈಕು ಬೇಕಿಲ್ಲ, ಆದರೆ ಹಳೆಯ ಎಂಡಿಯ ಬರಹಗಳನ್ನು ಹೊಸಬರು ಬಂದ ದಿನವೇ ಅಳಿಸಿಹಾಕುವ ಚಟ ನಮ್ಮಲ್ಲಿದೆ. ಅಳಿಸಬೇಡಿ. ‘ಇವರು ಇಂಥ ತಾರೀಖಿನವರೆಗೆ ಎಂಡಿ ಆಗಿದ್ದರು’ ಅಂತ ಮೇಲೆ ಒಂದು ಸಾಲು ಹಾಕಿ ಹಾಗೇ ಬಿಡಿ. ಹೊಸಬರಿಗೆ ಅವರದ್ದೇ ಪುಟ ತೆರೆಯಿರಿ. ಬ್ಲಾಗಿನ ಪಾಸ್‌ವರ್ಡ್, ವೆಬ್‌ಸೈಟ್ ನೋಂದಣಿಯ ಮೇಲ್ ಐಡಿ ಕಂಪನಿಯ ಹೆಸರಲ್ಲಿವೆಯೋ, ಬಿಟ್ಟುಹೋದ ಹುಡುಗನ ಸ್ವಂತ ಜಿಮೇಲ್‌ನಲ್ಲಿವೆಯೋ ಇವತ್ತೇ ನೋಡಿಕೊಳ್ಳಿ. ನನಗೆ ಗೊತ್ತಿರುವ ಎರಡು ಬ್ಲಾಗುಗಳು ನಿಂತದ್ದು ಬರೆಯುವವರಿಲ್ಲದೆ ಅಲ್ಲ, ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಗೊತ್ತಿಲ್ಲದೆ.